ಒಣನೆಲದ ಮಕ್ಕಳೂ ಕಡಲ ಕಾಳಗವೂ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಕಡಲಿಗೆ ಬಹುದೂರದ ಊರು. ವಿಕಾರಾಬಾದಿನಿಂದ ಬೀದರದ ಮೇಲೆ ಪರಳಿಗೆ ಹೋಗುವ ರೈಲುದಾರಿಯಲ್ಲಿ ಅದಕ್ಕೊಂದು ನಿಲ್ದಾಣವುಂಟು. ಸುತ್ತಲೂ ಸೋಯಾ, ತೊಗರಿ, ಉದ್ದಿನ ಹೊಲಗಳು. ಅಲ್ಲಿಯ ಮಕ್ಕಳು ಕಂಡ ದೊಡ್ಡ ನೀರೆಂದರೆ ಬ್ಯಾಲಹಳ್ಳಿಯ ಬಳಿಯ ಕಾರಂಜಾ ಜಲಾಶಯ. ಆದರೆ ಇಂದು ಇಂಥ ಊರಿನ ಕಟ್ಟೆಯ ಮೇಲೆ ಕುಳಿತ ಹುಡುಗನೊಬ್ಬ ಅಂಗೈಯಗಲದ ಗಾಜಿನೊಳಗೆ ಯುದ್ಧನೌಕೆಯನ್ನು ನಡೆಸುತ್ತಾನೆ, ಟಾರ್ಪೆಡೊ ಬಿಡುತ್ತಾನೆ, ಯಾವ ದೇಶದವನೋ ತಿಳಿಯದ ಎದುರಾಳಿಯ ಹಡಗನ್ನು ಮುಳುಗಿಸುತ್ತಾನೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿಗೆ ಬಂದಾಗ ಆ ಗಾಜು ಮಕ್ಕಳ ಕೈಗೆ ಬಂತು. ಶಾಲೆಗಳು ತೆರೆದ ಮೇಲೆ ಅದು ಹಿಂದಕ್ಕೆ ಹೋಗಲಿಲ್ಲ.

"ಸರ, ಮಗಗ ಈ ಹಡಗದ ಆಟ ಆಡ್ಲಾಕ ಕೊಡ್ಬೇಕೋ ಬ್ಯಾಡೋ?" ಎಂದು ನನ್ನನ್ನು ಕೇಳಿದ ತಂದೆತಾಯಿಗಳು ಒಬ್ಬಿಬ್ಬರಲ್ಲ. ಪಂಪ ರನ್ನರನ್ನು ಓದಿಸಿ ನಿವೃತ್ತನಾದವನಿಗೆ ಈ ಯಂತ್ರದಾಟದ ಗೊಡವೆ ಏಕೆಂದು ಕೇಳುಗರು ಅಂದುಕೊಂಡಾರು. ಆದರೆ ಪ್ರಶ್ನೆ ಯಂತ್ರದ್ದಲ್ಲ. ಯುದ್ಧವನ್ನು ಆಟವಾಗಿಸಿ ಮಕ್ಕಳ ಕೈಗೆ ಕೊಡಬಹುದೇ, ಕೊಟ್ಟರೆ ಯಾವ ಕಟ್ಟಿನಲ್ಲಿ ಕೊಡಬೇಕು ಎಂಬುದು ಪ್ರಶ್ನೆ. ಅದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಸಾಕಷ್ಟು ಸಾಮಗ್ರಿಯಿದೆ.

ಮೊದಲಿಗೆ, ಕಡಲ ಯುದ್ಧ ನಮಗೆ ತೀರ ಪರಕೀಯವೆಂಬ ಭಾವನೆಯನ್ನು ಬಿಡಬೇಕು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ತನ್ನ ಒಡೆಯನಾದ ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದ್ದನ್ನು ಹೇಳುತ್ತಾನೆ. ಆ ಹಡಗುಗಳನ್ನು ಅವನು ಮದಗಜಗಳಿಗೆ ಹೋಲಿಸಿದ್ದಾನೆ. ಈ ಹೋಲಿಕೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಬೀದರದ ಮಾತು. ಆ ಕೋಟೆಯ ಗೋಡೆಗಳನ್ನು ನೋಡಿದವರಾರೂ ಹಡಗನ್ನು ನೆನೆಯುವುದಿಲ್ಲ. ಆದರೆ 15ನೆಯ ಶತಮಾನದ ಬೀದರ ಬದುಕಿದ್ದು ಕಡಲ ದಾರಿಯಿಂದ. ಬಹಮನಿ ಸೈನ್ಯದ ಬಲ ಕುದುರೆ; ಒಳ್ಳೆಯ ಕುದುರೆಗಳೋ ಅರಬಸ್ತಾನ, ಇರಾನುಗಳಿಂದ ಹಡಗಿನಲ್ಲಿ ಬರಬೇಕು. ಆ ರಾಜ್ಯದ ಮಹಾಮಂತ್ರಿ ಮಹಮೂದ್ ಗವಾನನೇ ಇರಾನಿನ ಗೀಲಾನದಿಂದ ವ್ಯಾಪಾರಿಯಾಗಿ ಕಡಲು ದಾಟಿ ದಾಭೋಳದ ಬಂದರಿಗೆ ಬಂದವನು. ರಷ್ಯದ ತ್ವೇರ್ ಊರಿನ ಅಫನಾಸಿ ನಿಕಿತಿನ್ 1469ರ ಸುಮಾರಿಗೆ ಹೊರ್ಮುಜಿನಲ್ಲಿ ಹಡಗು ಹತ್ತಿ, ದೀವು, ಖಂಬಾತುಗಳನ್ನು ಹಾದು ಚೌಲದಲ್ಲಿ ಇಳಿದು ಬೀದರಕ್ಕೆ ಬಂದ. ಅವನೊಡನೆ ಹಡಗಿನಲ್ಲಿ ಬಂದದ್ದು ಒಂದು ಕುದುರೆ. ಅದನ್ನು ಮಾರಿದ್ದೂ ಬೀದರದಲ್ಲಿಯೇ. ಮೂರು ಸಮುದ್ರಗಳಾಚೆಯ ಪ್ರಯಾಣವೆಂದು ಹೆಸರಾದ ಅವನ ಬರವಣಿಗೆ ಇಂದಿಗೂ ಬೀದರದ ಚರಿತ್ರೆಗೆ ದೊಡ್ಡ ಆಕರ.

ಈ ಕುದುರೆಯ ದಾರಿಗೆ ಕಂಟಕವಿತ್ತು. ಕೊಂಕಣದ ಖೇಳಣೆ, ಎಂದರೆ ಇಂದಿನ ವಿಶಾಳಗಡದ ರಾಜನು 300 ಹಡಗುಗಳನ್ನಿಟ್ಟುಕೊಂಡು ವ್ಯಾಪಾರಿಗಳ ಸಂಚಾರವನ್ನು ತಡೆಯುತ್ತಿದ್ದನೆಂದು ಫೆರಿಷ್ತಾ ಬರೆಯುತ್ತಾನೆ. ಬಿಜಾಪುರದ ಆಶ್ರಯದಲ್ಲಿ 17ನೆಯ ಶತಮಾನದ ಮೊದಲಲ್ಲಿ ಬರೆದ ಈ ಇತಿಹಾಸಕಾರನ ಅಂಕಿಗಳನ್ನು ಅಳೆದು ನೋಡಿ ನಂಬಬೇಕು. ಹಡಗುಗಳು 300 ಇದ್ದುವೋ 100 ಇದ್ದುವೋ, ಕಾಟವಂತೂ ನಿಜ. ಗವಾನ್ ಘಟ್ಟದ ಕಾಡುಗಳಲ್ಲಿ ಮಳೆಗಾಲಗಳನ್ನು ಕಳೆದು ಖೇಳಣೆಯನ್ನು ಹಿಡಿದ. ಅನಂತರ 1472ರಲ್ಲಿ ವಿಜಯನಗರದ ಕೈಯಲ್ಲಿದ್ದ ಗೋವೆಯ ಮೇಲೆ ಹೋದ. 120 ಹಡಗುಗಳನ್ನು ಕಡಲ ಕಡೆಯಿಂದ ಮೊದಲೇ ಕಳಿಸಿ, ತಾನು ನೆಲದ ಮೇಲಿಂದ ನಡೆದ. ಬೀದರದ ಅವನ ಮದರಸಾ ಮುಗಿದದ್ದೂ ಅದೇ 1472ರಲ್ಲಿ. ಒಂದೇ ವರ್ಷದಲ್ಲಿ ಒಂದು ಬಂದರು, ಒಂದು ವಿದ್ಯಾಲಯ! ಹಲಬರ್ಗಾದ ಹುಡುಗನಿಗೆ ಶಾಲೆಯ ಪುಸ್ತಕ ಇದನ್ನು ಹೇಳಿದ್ದರೆ, ಕಡಲ ಕಾಳಗ ತನ್ನ ಜಿಲ್ಲೆಯ ಮಾತೂ ಹೌದೆಂದು ಅವನಿಗೆ ಅನ್ನಿಸುತ್ತಿತ್ತು. ನಾವು ಹೇಳಲಿಲ್ಲ. ಅವನಿಗೆ ಹಡಗಿನ ಮೊದಲ ಪಾಠವನ್ನು ಹೇಳಿದ್ದು ಫೋನು.

ಯುದ್ಧವನ್ನು ಆಟಕ್ಕಿಳಿಸುವ ಬುದ್ಧಿಯೂ ಈ ಸೀಮೆಗೆ ಹೊಸದಲ್ಲ. ಇಂದು ಬಸವಕಲ್ಯಾಣವೆಂದು ಕರೆಯುವ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 12ನೆಯ ಶತಮಾನದ ಗ್ರಂಥ. ರಾಜ್ಯವನ್ನು ಪಡೆಯುವುದು, ಉಳಿಸುವುದು, ಭೋಗಿಸುವುದು, ವಿನೋದ, ಕ್ರೀಡೆ ಎಂದು ಅದಕ್ಕೆ ಐದು ವಿಂಶತಿಗಳು. ಒಂದು ರಾಜನೀತಿಯ ಗ್ರಂಥದಲ್ಲಿ ಆಟಕ್ಕೆ ಇಷ್ಟು ಜಾಗ ಕೊಟ್ಟ ಅರಸರು ವಿರಳ. ಚದುರಂಗದ ಕಾಯಿಗಳು ಹೇಗೆ ನಡೆಯುತ್ತವೆ, ಕವಡೆಯ ಆಟ ಹೇಗೆ, ಪಗಡೆ ಹೇಗೆ ಎಂಬುದೆಲ್ಲ ಅಲ್ಲಿದೆ. ಚದುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳುಗಳ ಸೈನ್ಯವೇ ತಾನೆ? ಅದನ್ನು ಮಕ್ಕಳು ಕಲಿತರೆ ನಾವು ಹೆಮ್ಮೆಪಡುತ್ತೇವೆ. ಕಾಯಿ 'ಹೊಡೆಯಿತು', ರಾಜ 'ಸತ್ತ' ಎಂಬ ಮಾತುಗಳನ್ನು ಕೇಳಿ ಯಾವ ತಾಯಿಯೂ ಬೆಚ್ಚುವುದಿಲ್ಲ.

ಆ ಹಳೆಯ ಸೈನ್ಯಕ್ಕೆ ಹಡಗು ಕೂಡ ಎಂದೋ ಬಂದು ಸೇರಿದೆ. ನಮ್ಮ ಕಡೆ ಮಣೆಯ ಮೂಲೆಯ ಕಾಯಿಗೆ ಆನೆಯೆನ್ನುತ್ತಾರೆ. ಬಂಗಾಳದಲ್ಲಿ ಅದೇ ಕಾಯಿಗೆ ನೌಕೆಯೆಂದು ಹೆಸರು. ರಷ್ಯದವರೂ ಅದನ್ನು ದೋಣಿಯೆಂದೇ ಕರೆಯುತ್ತಾರೆ, ಅವರ ಮಾತಿನಲ್ಲಿ 'ಲಾದ್ಯಾ'. ರವಿಕೀರ್ತಿಯ ಕಣ್ಣಿಗೆ ಹಡಗು ಆನೆಯಾಗಿ ಕಂಡಿತು. ಚದುರಂಗದ ಮಣೆಯ ಮೇಲೆ ಆನೆಯ ಜಾಗಕ್ಕೆ ಹಡಗು ಬಂದು ನಿಂತಿತು. ಕವಿಯೂ ಆಟಗಾರನೂ ಒಂದೇ ಬಗೆಯಲ್ಲಿ ಕಲ್ಪಿಸುತ್ತಾರೆಂಬುದಕ್ಕೆ ಇದಕ್ಕಿಂತ ಚೆಲುವಾದ ಉದಾಹರಣೆ ನನಗೆ ದೊರೆತಿಲ್ಲ.

ಹಾಗಾದರೆ ನಮ್ಮ ಹಿರಿಯರು ಆಟದಲ್ಲಿ ಯಾವುದಕ್ಕೆ ಹೆದರಿದರು? ಯುದ್ಧದ ಆಟಕ್ಕಲ್ಲ, ಪಣಕ್ಕೆ. ಪಂಪನಿಂದ ಕುಮಾರವ್ಯಾಸನವರೆಗೆ ಭಾರತವನ್ನು ಹೇಳಿದ ನಮ್ಮ ಕವಿಗಳ ದ್ಯೂತಪ್ರಸಂಗವನ್ನು ನೆನೆಯಿರಿ. ಅಲ್ಲಿ ಹಾಸಿನ ಮೇಲೆ ಬಾಣವಿಲ್ಲ, ಗದೆಯಿಲ್ಲ. ಉರುಳುವುದು ದಾಳ ಮಾತ್ರ. ಆದರೂ ಕಾವ್ಯದಲ್ಲಿ ಅದಕ್ಕಿಂತ ಭಯಂಕರವಾದ ಆಟ ಇನ್ನೊಂದಿಲ್ಲ. ಧರ್ಮರಾಯನಿಗೆ ಆಟ ತಿಳಿಯದು. ಏಳಲು ಮನಸ್ಸು ಬಾರದು. ಎದುರಿಗೆ ಕುಳಿತವನು ಆಟದಲ್ಲಿ ಪಳಗಿದ ಶಕುನಿ. ಒಂದೊಂದು ಸೋಲೂ ಮುಂದಿನ ಪಣಕ್ಕೆ ಕರೆ. ಈ ನಾಲ್ಕು ಸಂಗತಿಗಳು ಕೂಡಿದ್ದರಿಂದ ಅದು ಅನಾಹುತವಾಯಿತೇ ಹೊರತು ಪಗಡೆಯ ಕಾಯಿಗಳಿಂದಲ್ಲ.

ಯೂರೋಪಿನ ಕಡೆಯ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 19ನೆಯ ಶತಮಾನದ ಮೊದಲಲ್ಲಿ ಪ್ರಷ್ಯದ ಸೇನೆ ತನ್ನ ಅಧಿಕಾರಿಗಳಿಗೆ ನಕ್ಷೆಯ ಮೇಲೆ ಯುದ್ಧದ ಆಟವಾಡಿಸಿ ಕಲಿಸಿತು. ಇಂಗ್ಲೆಂಡಿನ ಫ್ರೆಡ್ ಜೇನ್ 1898ರಲ್ಲಿ ನೌಕಾಯುದ್ಧದ ಆಟವೊಂದನ್ನು ಪ್ರಕಟಿಸಿದ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಗೊಂಬೆ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ಕಟ್ಟಿಕೊಟ್ಟ. ಅದು ಹನ್ನೆರಡು ವರ್ಷ ಮೇಲ್ಪಟ್ಟ ಹುಡುಗರಿಗೆಂದು ಮುಖಪುಟದಲ್ಲಿಯೇ ಹೇಳಿದ. ಹುಡುಗರ ಆಟವನ್ನು ಮೆಚ್ಚುವ ಬುದ್ಧಿವಂತ ಹುಡುಗಿಯರಿಗೂ ಆಗುತ್ತದೆಂದು ಸೇರಿಸಿದ. ದೊಡ್ಡವರ ಯುದ್ಧಕ್ಕಿಂತ ಈ ಸಣ್ಣ ಯುದ್ಧವೇ ಮೇಲೆಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಬಂತು. ಆಟ ಯುದ್ಧವನ್ನು ತಡೆಯಲಿಲ್ಲ, ತಂದದ್ದೂ ಆಟವಲ್ಲ.

ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಆಡುವ ಹಡಗಿನಾಟವನ್ನು ಕೆಲವರಾದರೂ ಬಲ್ಲಿರಿ. ಹತ್ತು ಅಡ್ಡ, ಹತ್ತು ಉದ್ದ, ಒಟ್ಟು ನೂರು ಮನೆ. ಐದು ಹಡಗುಗಳನ್ನು ಹದಿನೇಳು ಮನೆಗಳಲ್ಲಿ ಗುಟ್ಟಾಗಿ ನಿಲ್ಲಿಸಿ, ಎದುರಾಳಿ ಒಂದೊಂದೇ ಮನೆಯನ್ನು ಹೆಸರಿಸಿ ಹುಡುಕಬೇಕು. 1931ರಲ್ಲಿ ಅಮೆರಿಕದಲ್ಲಿ ಇದರ ಅಚ್ಚಿನ ಹಾಳೆಗಳು ಮಾರಾಟಕ್ಕೆ ಬಂದುವು. 1967ರಲ್ಲಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಬಂತು. ಎರಡು ಹಾಳೆ, ಎರಡು ಪೆನ್ಸಿಲು, ಎದುರಿಗೆ ಒಬ್ಬ ಗೆಳೆಯ: ಇಷ್ಟರಲ್ಲಿ ಮುಗಿಯುವ ಈ ಆಟ ಎಂಟು ವರ್ಷದ ಮಗುವಿಗೂ ಒಪ್ಪುತ್ತದೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಈಗ ಫೋನಿನ, ಕಂಪ್ಯೂಟರಿನ ಆಟಕ್ಕೆ ಬರೋಣ. ಈ ಜಾತಿಯಲ್ಲಿ ಹೆಸರಾದದ್ದು 'ವರ್ಲ್ಡ್ ಆಫ್ ವಾರ್‌ಷಿಪ್ಸ್'. 2015ರ ಸೆಪ್ಟೆಂಬರಿನಲ್ಲಿ ಹೊರಬಂತು. ಕಟ್ಟಿದವರು ಸೇಂಟ್ ಪೀಟರ್ಸ್‌ಬರ್ಗಿನ ಲೆಸ್ತಾ ಸಂಸ್ಥೆಯವರು. ಹೊರತಂದದ್ದು ಬೆಲಾರೂಸಿನಲ್ಲಿ ಹುಟ್ಟಿ ಸೈಪ್ರಸಿನಲ್ಲಿ ನೆಲೆಸಿದ ವಾರ್‌ಗೇಮಿಂಗ್. ಫೋನಿಗೆಂದು ಮಾಡಿದ 'ಬ್ಲಿಟ್ಸ್' ಎಂಬ ಕಿರಿಯ ರೂಪ 2018ರಲ್ಲಿ ಬಂತು. ನಿಕಿತಿನ್ ವರ್ಷಗಟ್ಟಲೆ ಅಲೆದು ತಲಪಿದ ಬೀದರಕ್ಕೆ ಅವನ ನಾಡಿನ ಹಡಗುಗಳು ಕ್ಷಣಮಾತ್ರದಲ್ಲಿ ಬಂದಿಳಿದುವೆಂದು ನನಗೆ ನಗು ಬರುತ್ತದೆ. ದೊಡ್ಡ ಆಟದಲ್ಲಿ ಸಾಮಾನ್ಯವಾಗಿ ಕಡೆಗೆ ಹನ್ನೆರಡು ಮಂದಿ, ಫೋನಿನದರಲ್ಲಿ ಏಳು ಮಂದಿ. 20ನೆಯ ಶತಮಾನದ ಮೊದಲರ್ಧದ ನಿಜವಾದ ಯುದ್ಧನೌಕೆಗಳ ಪ್ರತಿರೂಪಗಳು ಬಹಳವಿವೆ. ಕಾಗದದ ಮೇಲೆಯೇ ಉಳಿದ ನಕ್ಷೆಯ ಹಡಗುಗಳೂ ಇವೆ.

ಮೊಮ್ಮಗನ ಪಕ್ಕದಲ್ಲಿ ಕುಳಿತು ಕೆಲವು ಸಂಜೆ ಇದನ್ನು ನೋಡಿದ್ದೇನೆ. ಗುಣವಿಲ್ಲವೆನ್ನಲಾರೆ. ಓಡುವ ಹಡಗು ಈಗ ಇರುವಲ್ಲಿಗೆ ಗುಂಡು ಹಾರಿಸಿದರೆ ಅದು ಹಿಂದಿನ ನೀರಿಗೆ ಬೀಳುತ್ತದೆ. ದೂರವೆಷ್ಟು, ವೇಗವೆಷ್ಟು, ಗುಂಡು ಮುಟ್ಟಲು ಎಷ್ಟು ಕ್ಷಣ ಹಿಡಿಯುತ್ತದೆಂದು ಅಳೆದು, ಹಡಗು ಮುಂದೆ ಬರಲಿರುವ ಜಾಗಕ್ಕೆ ಗುರಿಯಿಡಬೇಕು. ಹುಡುಗ ಇದನ್ನು ಪಾಠವೆಂದು ತಿಳಿಯದೆಯೇ ಕಲಿತಿದ್ದ. ತೆಳುವಾದ ಹಡಗು ಹೊಗೆಯ ಮರೆಯಲ್ಲಿರಬೇಕು, ದಪ್ಪನೆಯದು ಮುಂದೆ ನಿಂತು ಪೆಟ್ಟು ತಿನ್ನಬೇಕು, ಒಬ್ಬನೇ ನುಗ್ಗಿದವನು ಮೊದಲು ಮುಳುಗುತ್ತಾನೆ. ಇವೂ ತಿಳಿಯತಕ್ಕ ಮಾತುಗಳೇ. ರಕ್ತ ಕಾಣುವುದಿಲ್ಲ, ಹೆಣ ಕಾಣುವುದಿಲ್ಲ. ಮನುಷ್ಯನ ತಲೆಗೆ ಬಂದೂಕಿಟ್ಟು ಹೊಡೆಯುವ ಬೇರೆ ಆಟಗಳ ಪಕ್ಕದಲ್ಲಿ ಇದು ಸಭ್ಯವಾದದ್ದು ಎಂದು ಹಲವರು ಹೇಳುವುದು ಈ ಕಾರಣದಿಂದ.

ನನ್ನ ಮನಸ್ಸು ತಡೆದದ್ದು ಈ ಸಭ್ಯತೆಯ ಮುಂದೆಯೇ. ಹುಡ್ ಎಂಬ ಬ್ರಿಟಿಷ್ ಹಡಗು ಪರದೆಯ ಮೇಲೆ ಉರಿದು ಮುಳುಗಿತು. "ಇದರಲ್ಲಿ ಎಷ್ಟು ಜನ ಇದ್ದರಪ್ಪ?" ಎಂದು ಕೇಳಿದೆ. "ಮಂದಿ ಯಾರೂ ಇಲ್ಲ ಮುತ್ತ್ಯಾ, ಬರೇ ಹಡಗ ಅದ" ಎಂದ. ಅವನ ಮಾತು ಸರಿ: ಆಟದ ಹಡಗಿನ ಮೇಲ್ಗಡೆ ಒಬ್ಬ ನಾವಿಕನೂ ಇಲ್ಲ. ನಿಜವಾದ ಹುಡ್ 1941ರ ಮೇ 24ರಂದು ಬಿಸ್ಮಾರ್ಕಿನ ಗುಂಡಿಗೆ ಸಿಕ್ಕಿ ಒಡೆದಾಗ ಅದರಲ್ಲಿ 1418 ಮಂದಿ ಇದ್ದರು. ಬದುಕಿದವರು ಮೂವರು. ಅಷ್ಟು ದೂರದ ಮಾತು ಬೇಡವೆಂದರೆ ನಮ್ಮದೇ ಇದೆ. ನಿಕಿತಿನನ ಹಡಗು ಹಾದುಬಂದ ಅದೇ ದೀವಿನ ಬಳಿಯ ಕಡಲಲ್ಲಿ 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪೆಡೊ ನಮ್ಮ ಖುಕ್ರಿ ನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರು ಪಾಲಾದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಡನೆಯೇ ಹೋದರು.

ಯುದ್ಧವನ್ನು ಚಿತ್ರಿಸುವಲ್ಲಿ ನಮ್ಮವರ ಪದ್ಧತಿ ಬೇರೆಯಿತ್ತು. ಮುಂಬಯಿಯ ಬೋರಿವಲಿಯ ಹತ್ತಿರ ಏಕ್ಸರ್ ಎಂಬಲ್ಲಿ ನೌಕಾಯುದ್ಧದ ವೀರಗಲ್ಲುಗಳಿವೆ. ದೇವಗಿರಿಯ ಯಾದವ ಮಹಾದೇವನಿಗೂ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ 1265ರ ಸುಮಾರಿಗೆ ಕಡಲಲ್ಲಿ ನಡೆದ ಕಾಳಗದ ನೆನಪು ಅವು ಎಂದು ವಿದ್ವಾಂಸರು ಊಹಿಸಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಸಾಲು ಹುಟ್ಟುಗಳ ಹಡಗುಗಳು. ಮೇಲಿನದರಲ್ಲಿ ಮಡಿದ ವೀರ ದೇವಲೋಕವನ್ನು ಸೇರಿದ ಚಿತ್ರ. ವೀರಗಲ್ಲಿನ ನಿಯಮವೇ ಹಾಗೆ: ಯುದ್ಧವನ್ನು ಕೊರೆದವನು ಸತ್ತವನನ್ನು ಕೊರೆಯದೆ ಕಲ್ಲನ್ನು ಮುಗಿಸುವುದಿಲ್ಲ. ಪರದೆಯ ಆಟವಾದರೋ ಹಡಗಿನ ಒಂದೊಂದು ತೋಪನ್ನೂ ಮೊಳೆಯನ್ನೂ ತಿದ್ದಿ ತೋರಿಸಿ, ಮನುಷ್ಯನನ್ನು ಮಾತ್ರ ಅಳಿಸಿದೆ. ಮಗು ಹೆದರಬಾರದೆಂದು ಹೀಗೆ ಮಾಡಿದರೆಂದು ಒಪ್ಪೋಣ. ಆದರೆ ಹೆದರಿಕೆಯನ್ನು ತೆಗೆದ ಜಾಗದಲ್ಲಿ ಒಂದಿಷ್ಟು ಮರುಕವನ್ನು ಮನೆಯವರು ಇಡಬೇಕಾಗುತ್ತದೆ. ಅದು ಯಂತ್ರದ ಕೈಲಾಗದ ಕೆಲಸ. ಹುಡ್ಡಿನ ಲೆಕ್ಕ ಹೇಳಿದ ಮೇಲೆ ನಮ್ಮ ಹುಡುಗ ಆಟವನ್ನೇನೂ ಬಿಡಲಿಲ್ಲ; "ಆ ಮೂರು ಮಂದಿ ಹ್ಯಾಂಗ ಉಳದ್ರು?" ಎಂದು ಕೇಳಿದ. ಅಷ್ಟು ಸಾಕೆನ್ನಿಸಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಈ ಆಟ ಪುಕ್ಕಟೆಯಾಗಿ ಬಾಗಿಲು ತೆರೆಯುತ್ತದೆ; ಅಂಗಡಿಯಿರುವುದು ಒಳಗೆ. ಆಟದ ಚಿನ್ನದ ನಾಣ್ಯಗಳನ್ನು ನಿಜವಾದ ರೂಪಾಯಿ ಕೊಟ್ಟು ಕೊಳ್ಳಬಹುದು. ಅದರಿಂದ ಹಡಗು ಕೊಳ್ಳಬಹುದು. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳೂ ಮಾರಾಟಕ್ಕಿವೆ. ತೆರೆದಾಗ ಬಯಸಿದ ಹಡಗು ಸಿಕ್ಕೀತು, ಸಿಗದೆಯೂ ಹೋದೀತು. ಸಿಗದಿದ್ದರೆ ಇನ್ನೊಂದು ಪೆಟ್ಟಿಗೆ. ಇದೇ ಅಲ್ಲವೇ ಶಕುನಿಯ ಹಾಸು? ಇಂಥ ಪೆಟ್ಟಿಗೆಗಳು ಜೂಜೆಂದು ಬೆಲ್ಜಿಯಮ್ಮಿನ ಜೂಜು ನಿಯಂತ್ರಣ ಮಂಡಳಿ 2018ರಲ್ಲಿಯೇ ಹೇಳಿತು. ನಮ್ಮಲ್ಲಿ ಪಣದ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಕಟ್ಟಿ ಹಣ ಗೆಲ್ಲಲು ಆಡುವ ಆಟಗಳನ್ನು ನಿಷೇಧಿಸುವಂಥದು. ಹಡಗಿನ ಆಟದಲ್ಲಿ ಹಣ ಗೆಲ್ಲುವ ಆಸೆಯಿಲ್ಲ, ಕಳೆಯುವ ದಾರಿ ಮಾತ್ರ ಇದೆ. ಆದುದರಿಂದ ಕಾನೂನು ನಮ್ಮ ಬದಲು ಕಾವಲು ಕಾಯುತ್ತದೆಂದು ನೆಚ್ಚಿ ಕುಳಿತುಕೊಳ್ಳಲಾಗದು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನು ನಿಷೇಧಿಸಿದಾಗ ಎಷ್ಟೋ ಮನೆಗಳಲ್ಲಿ ನೆಮ್ಮದಿಯ ಉಸಿರು ಬಿಟ್ಟರು. ಸರ್ಕಾರ ಆಗ ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಓದಲ್ಲ.

ಏಳಲು ಮನಸ್ಸು ಬಾರದಿರುವುದು ಧರ್ಮರಾಯನ ಇನ್ನೊಂದು ಲಕ್ಷಣವಷ್ಟೆ? ಪೆನ್ಸಿಲಿನ ಆಟ ಹದಿನೇಳು ಮನೆ ಸಿಕ್ಕರೆ ಮುಗಿಯುತ್ತದೆ. ಹಡಗಿನ ಒಂದು ಕಾಳಗವೂ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ, ಆಟ ಮುಗಿಯುವುದಿಲ್ಲ. ಮೇಲಿನ ದರ್ಜೆಯ ಹಡಗು, ದಿನದ ಬಹುಮಾನ, ಹಬ್ಬದ ಬಹುಮಾನ ಹೀಗೆ ಕರೆಯುತ್ತಲೇ ಇರುತ್ತದೆ. ಆಟದ ಮೇಲಿನ ಹಿಡಿತ ತಪ್ಪಿ, ಬೇರೆಲ್ಲ ಕೆಲಸಕ್ಕಿಂತ ಅದೇ ಮೇಲಾಗಿ, ಕೇಡು ಕಂಡರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗಿದ್ದರೆ ಮಾತ್ರ ರೋಗವೆನ್ನಬೇಕು. ಒಂದು ಸಂಜೆ ಊಟಕ್ಕೆ ಏಳದ ಹುಡುಗನನ್ನು ರೋಗಿಯೆನ್ನುವವರು ಇದನ್ನು ಗಮನಿಸಬೇಕು. ನಿಜವಾಗಿ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಲ್ಲಿ ಆರಂಭವಾದ 'ಶಟ್' ಚಿಕಿತ್ಸಾಲಯ ಇದಕ್ಕೆಂದೇ ಇದೆ.

ಹನ್ನೆರಡರೊಳಗಿನ ಮಕ್ಕಳಿಗೆ ಈ ಆಟ ಬೇಡವೆಂಬುದು ನನ್ನ ತೀರ್ಮಾನ. ಕಾರಣ ಟಾರ್ಪೆಡೊ ಅಲ್ಲ. ಅಂಗಡಿ ಮತ್ತು ಅಪರಿಚಿತರು. ಆಟದ ನಡುವೆ ಬರೆದು ಮಾತಾಡುವ ಅವಕಾಶವಿದೆ. ಎದುರಿಗೆ ಕುಳಿತವನು ಸಹಪಾಠಿಯೋ ನಲವತ್ತರ ಗಂಡಸೋ ತಿಳಿಯದು. ಸೋತ ಸಿಟ್ಟಿನಲ್ಲಿ ದೊಡ್ಡವರು ಬರೆಯುವ ಮಾತುಗಳನ್ನು ಮಗು ಓದಬೇಕಾಗಿಲ್ಲ. ಆ ವಯಸ್ಸಿಗೆ ಚೌಕುಳಿ ಹಾಳೆ ಇದೆ, ಚದುರಂಗವಿದೆ, ನಮ್ಮ ಹುಲಿ-ಕುರಿಯಾಟವಿದೆ. ಹೈಸ್ಕೂಲಿನ ಮಗುವಿಗೆ ಆಡಲು ಕೊಡಬಹುದು. ಮಾತಿನ ಕಿಟಕಿಯನ್ನು ಮುಚ್ಚಿಸಿ, ಫೋನಿನಲ್ಲಿ ಹಣ ಪಾವತಿಗೆ ಹಿರಿಯರ ಗುಪ್ತಸಂಖ್ಯೆಯನ್ನು ಇರಿಸಿ, ದಿನಕ್ಕೆ ಎರಡು ಕಾಳಗವೆಂದು ಮೊದಲೇ ಮಾತಾಡಿಕೊಂಡು ಕೊಡಬೇಕು. ಗಂಟೆಯ ಲೆಕ್ಕಕ್ಕಿಂತ ಕಾಳಗದ ಲೆಕ್ಕ ಮೇಲು: ನಡುವೆ ಫೋನು ಕಿತ್ತುಕೊಂಡರೆ ಹುಡುಗ ತನ್ನ ಕಡೆಯವರನ್ನು ಕೈಬಿಟ್ಟು ಬಂದಂತಾಗುತ್ತದೆ, ಅವನ ಸಿಟ್ಟಿನಲ್ಲಿ ಒಂದಿಷ್ಟು ನ್ಯಾಯವೂ ಇರುತ್ತದೆ. ಫೋನು ಮನೆಯ ನಡುಮನೆಯಲ್ಲಿರಲಿ, ಮಾಳಿಗೆಯ ಮೇಲೆ ಬೇಡ. ರಜೆಯಲ್ಲಿ ಕಾರವಾರಕ್ಕೆ ಹೋಗುವವರಿದ್ದರೆ ಅಲ್ಲಿಯ ಟಾಗೋರ್ ಕಡಲತೀರದಲ್ಲಿ ದಡಕ್ಕೇರಿಸಿ ವಸ್ತುಸಂಗ್ರಹಾಲಯ ಮಾಡಿರುವ ಚಪಲ್ ಯುದ್ಧನೌಕೆಯನ್ನು ತೋರಿಸಬಹುದು. ನಾವಿಕ ಎಷ್ಟು ಇಕ್ಕಟ್ಟಿನಲ್ಲಿ ದುಡಿಯುತ್ತಾನೆಂಬುದು ಪರದೆಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಒಂದು ಮಾತು ಉಳಿಯಿತು. ಇಷ್ಟು ದಿನ ನನ್ನನ್ನು ಈ ಪ್ರಶ್ನೆ ಕೇಳಿದವರೆಲ್ಲ ಗಂಡುಮಕ್ಕಳ ವಿಷಯವನ್ನೇ ಕೇಳಿದರು. ಮಗಳಿಗೆ ಫೋನು ಕೊಡದ ಮನೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ ಎಂದು ಕಾಣುತ್ತದೆ. ವೆಲ್ಸ್ ನೂರು ವರ್ಷಗಳ ಹಿಂದೆಯೇ ಅರೆಮನಸ್ಸಿನಿಂದಲಾದರೂ ಹುಡುಗಿಯರನ್ನು ತನ್ನ ಯುದ್ಧಕ್ಕೆ ಕರೆದಿದ್ದ. ಅವನಿಗೂ ಮುನ್ನೂರು ವರ್ಷಗಳ ಮೊದಲೇ, 16ನೆಯ ಶತಮಾನದಲ್ಲಿ, ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿ ನಿಂತಿದ್ದಳು. 2012ರ ಜನವರಿಯಲ್ಲಿ ನಮ್ಮ ಕರಾವಳಿ ಕಾವಲುಪಡೆ ವಿಶಾಖಪಟ್ಟಣದಲ್ಲಿ ಒಂದು ಗಸ್ತು ನೌಕೆಯನ್ನು ಸೇವೆಗೆ ಸೇರಿಸಿಕೊಂಡಿತು. ಅದಕ್ಕೆ ಇಟ್ಟ ಹೆಸರು ರಾಣಿ ಅಬ್ಬಕ್ಕ.